ಅಪರೂಪಕ್ಕೆ ಓಡುವ ಕಾರಿನ ಬ್ಯಾಟರಿ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ತಿಂಗಳಿಗೆ ಮೂರ್ನಾಲ್ಕು ಬಾರಿ ಮಾತ್ರ ಹೊರಗೆ ತೆಗೆಯುವ ಕಾರು ಒಂದು ಬೆಳಿಗ್ಗೆ ಸ್ಟಾರ್ಟ್ ಆಗದೆ ನಿಂತರೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಬ್ಯಾಟರಿ ಅಂಗಡಿಗೆ ಫೋನ್ ಹೋಗುತ್ತದೆ, ಹುಡುಗನೊಬ್ಬ ಸ್ಕೂಟರಿನ ಕಾಲ ಬಳಿ ಹೊಸ ಬ್ಯಾಟರಿ ಇಟ್ಟುಕೊಂಡು ಬರುತ್ತಾನೆ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ, ಹಳೆಯದರ ಬೆಲೆ ಕಳೆದು ಉಳಿದ ಹಣ ಪಡೆದು ಹೋಗುತ್ತಾನೆ. ಕಾರು ಸ್ಟಾರ್ಟ್ ಆಯಿತಾದ್ದರಿಂದ ದೋಷ ಬ್ಯಾಟರಿಯಲ್ಲೇ ಇತ್ತೆಂದು ಎಲ್ಲರೂ ನಂಬುತ್ತಾರೆ. ಮೈಸೂರಿನಲ್ಲಿ ನಮ್ಮ ತಂದೆಯವರ ಮನೆಯಲ್ಲಿರುವ ಚಿಕ್ಕ ಪೆಟ್ರೋಲ್ ಕಾರಿಗೆ ಮೂರು ವರ್ಷದಲ್ಲಿ ಹೀಗೆ ಎರಡು ಬ್ಯಾಟರಿ ಹಾಕಿಸಿಯಾಗಿತ್ತು. ಮೂರನೆಯದನ್ನು ಕೊಳ್ಳುವ ಮುನ್ನ ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತಾಗ ಕಂಡದ್ದನ್ನು, ಅದಕ್ಕೆ ಹಿನ್ನೆಲೆಯಾಗಿ ತಿಳಿದಿರಬೇಕಾದ ಲೆಕ್ಕಗಳೊಡನೆ, ಇಲ್ಲಿ ಬರೆದಿದ್ದೇನೆ.

ಕೊಡದಲ್ಲಿ ನೀರು ಸಾಲದೆ ಬರುತ್ತಿದೆಯೆಂದರೆ ಕೊಡ ಸೋರುತ್ತಿರಬಹುದು, ನಲ್ಲಿಯಲ್ಲಿ ಬರುವುದೇ ಕಡಿಮೆಯಿರಬಹುದು, ಇಲ್ಲವೇ ಒಳಗೆಲ್ಲ ಸುಣ್ಣಗಟ್ಟಿ ಕೊಡ ಹಿಡಿಯುವ ಪ್ರಮಾಣವೇ ತಗ್ಗಿರಬಹುದು. ಕಾರಿನ ಬ್ಯಾಟರಿಯ ದೂರುಗಳೂ ಈ ಮೂರರಲ್ಲೇ ಬರುತ್ತವೆ. ನಿಂತ ಕಾರಿನಲ್ಲಿ ಯಾವುದೋ ಒಂದು ಉಪಕರಣ ಸದ್ದಿಲ್ಲದೆ ಕರೆಂಟ್ ಎಳೆಯುತ್ತಿರುವುದು ಒಂದು, ಓಡುವಾಗ ಸಾಕಷ್ಟು ಚಾರ್ಜ್ ಆಗದಿರುವುದು ಇನ್ನೊಂದು, ಬ್ಯಾಟರಿಯೇ ಸವೆದಿರುವುದು ಮತ್ತೊಂದು. ಮೊದಲಿನ ಎರಡರಲ್ಲಿ ಯಾವುದಿದ್ದರೂ ಹೊಸ ಬ್ಯಾಟರಿ ಕೆಲವು ತಿಂಗಳು ಮಾತ್ರ ದೋಷವನ್ನು ಮುಚ್ಚಿಡುತ್ತದೆ, ಅಷ್ಟರಲ್ಲಿ ತಾನೂ ಕೆಡುತ್ತದೆ. ಈ ಬರಹದ ಮಾತು ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಗಷ್ಟೇ ಅನ್ವಯಿಸುತ್ತದೆ.

ಕೈಹಾಕುವ ಮುನ್ನ ಒಂದೆರಡು ಎಚ್ಚರಿಕೆಗಳು. ಚಾರ್ಜ್ ಆಗುವಾಗ ಈ ಬ್ಯಾಟರಿ ಜಲಜನಕವನ್ನು ಬಿಡುತ್ತದೆ, ಅದಕ್ಕೆ ಒಂದು ಕಿಡಿ ಸಾಕು. ಒಳಗಿರುವುದು ಗಂಧಕಾಮ್ಲ, ಕಣ್ಣಿಗೆ ಹಾರಿದರೆ ಆಪತ್ತು. ಬಿಚ್ಚುವಾಗ ಮೊದಲು ನೆಗೆಟಿವ್, ಕೂಡಿಸುವಾಗ ಕೊನೆಗೆ ನೆಗೆಟಿವ್ ಎಂಬ ನಿಯಮವನ್ನು ಮೆಕ್ಯಾನಿಕ್‌ಗಳೆಲ್ಲ ಹೇಳುತ್ತಾರೆ, ಕಾರಣವನ್ನು ಹೇಳುವುದು ಅಪರೂಪ. ಕಾರಿನ ಲೋಹದ ಮೈಯೆಲ್ಲ ನೆಗೆಟಿವ್‌ಗೆ ಸೇರಿರುವುದರಿಂದ, ನೆಗೆಟಿವ್ ಇನ್ನೂ ಕೂಡಿದ್ದಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪಾನರ್ ಎಲ್ಲಾದರೂ ಮೈಗೆ ತಾಗಿದರೆ ನೂರಾರು ಆಂಪಿಯರ್ ಆ ಸ್ಪಾನರಿನ ಮೂಲಕವೇ ಹರಿಯುತ್ತದೆ. ಉಂಗುರ, ಬಳೆ, ಲೋಹದ ಪಟ್ಟಿಯ ವಾಚು ತೆಗೆದಿಟ್ಟು ಕೆಲಸ ಆರಂಭಿಸಬೇಕು.

ಮೊದಲು ಕಿವಿ, ಆಮೇಲೆ ಮೀಟರ್

ಕೀ ತಿರುಗಿಸಿದಾಗ ಕೇಳುವ ಸದ್ದೇ ಅರ್ಧ ದಾರಿ ತೋರಿಸುತ್ತದೆ. ಡ್ಯಾಶ್‌ಬೋರ್ಡ್ ದೀಪಗಳು ಮಂಕಾಗಿ, ಸೆಲ್ಫ್ ಹೊಡೆದೊಡನೆ 'ಟಕ್ ಟಕ್ ಟಕ್' ಎಂದು ಬೇಗ ಬೇಗ ಸದ್ದು ಬಂದರೆ ಬ್ಯಾಟರಿಯಲ್ಲಿ ಸೆಲ್ಫ್ ಮೋಟಾರನ್ನು ತಿರುಗಿಸುವಷ್ಟು ಶಕ್ತಿ ಉಳಿದಿಲ್ಲ. ಎಂಜಿನ್ 'ಊಂ… ಊಂ…' ಎಂದು ಎಳೆದುಕೊಂಡು ತಿರುಗಿ ನಿಂತರೂ ಅದೇ ಅರ್ಥ, ಸ್ವಲ್ಪ ಹೆಚ್ಚು ಉಳಿದಿದೆ ಅಷ್ಟೆ. ದೀಪಗಳು ಪ್ರಖರವಾಗಿದ್ದು ಒಂದೇ ಒಂದು ಗಟ್ಟಿ 'ಟಕ್' ಕೇಳಿ ಮುಂದೆ ಏನೂ ಆಗದಿದ್ದರೆ ಸಂಶಯ ಟರ್ಮಿನಲ್, ಅರ್ಥಿಂಗ್ ತಂತಿ ಅಥವಾ ಸೆಲ್ಫ್ ಮೋಟಾರಿನ ಮೇಲೆ ಹೋಗಬೇಕು. ಎಂಜಿನ್ ಚುರುಕಾಗಿ ತಿರುಗುತ್ತಿದ್ದೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರುವುದು ತಪ್ಪು. ಅದು ಪೆಟ್ರೋಲ್, ಇಗ್ನಿಷನ್ ಅಥವಾ ಇಮ್ಮೊಬಿಲೈಸರ್ (ಸರಿಯಾದ ಕೀ ಗುರುತು ಸಿಗದಿದ್ದರೆ ಎಂಜಿನ್ ಹತ್ತದಂತೆ ತಡೆಯುವ ಏರ್ಪಾಡು) ಕಡೆಯ ವಿಷಯ. ತಿಂಗಳುಗಟ್ಟಲೆ ನಿಂತ ಕಾರುಗಳಲ್ಲಿ ಇಲಿ ವೈರು ಕಡಿದಿರುವುದೂ ಉಂಟು, ಆದ್ದರಿಂದ ಬಾನೆಟ್ ಎತ್ತಿದಾಗ ಹಿಕ್ಕೆ, ಬಟ್ಟೆಯ ಚೂರು, ಪ್ಲಾಸ್ಟಿಕ್ ತುಣುಕು ಕಾಣುತ್ತವೆಯೇ ಎಂದು ಒಮ್ಮೆ ನೋಡಿಬಿಡಿ.

ಟರ್ಮಿನಲ್ ಮೇಲೆ ಬಿಳಿಯ ಅಥವಾ ತಿಳಿನೀಲಿ ಹಿಟ್ಟಿನಂಥದ್ದು ಕಟ್ಟಿದ್ದರೆ ಅಳತೆಗೆ ಮುನ್ನವೇ ಅದನ್ನು ತೆಗೆಯಬೇಕು. ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಬೆರೆಸಿ, ಹಳೆಯ ಟೂತ್‌ಬ್ರಷ್‌ನಲ್ಲಿ ಹಚ್ಚಿದರೆ ನೊರೆಯೆದ್ದು ಕರಗುತ್ತದೆ. ಆ ನೀರು ಬ್ಯಾಟರಿಯ ಮುಚ್ಚಳದ ರಂಧ್ರಗಳಿಂದ ಒಳಗೆ ಇಳಿಯದಂತೆ ನೋಡಿಕೊಳ್ಳಬೇಕು, ಇಳಿದರೆ ಒಳಗಿನ ಆಮ್ಲವೇ ಕೆಡುತ್ತದೆ. ಒರೆಸಿ ಒಣಗಿಸಿ, ಸೀಸದ ಕಂಬವನ್ನೂ ಕ್ಲಾಂಪಿನ ಒಳಮೈಯನ್ನೂ ಸ್ಯಾಂಡ್ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಕ್ಲಾಂಪ್ ಕೈಯಿಂದ ತಿರುಗಿಸಿದರೆ ಅಲುಗಾಡಬಾರದು. ಹೊರಗೆ ಶುಭ್ರವಾಗಿ ಕಂಡೂ ಒಳಗೆ ಕೊಳೆಯಿದ್ದರೆ ಪತ್ತೆಹಚ್ಚುವ ಒಂದು ಉಪಾಯವಿದೆ: ಮೀಟರಿನ ಒಂದು ಮುಳ್ಳನ್ನು ಸೀಸದ ಕಂಬದ ನಡುವಿಗೆ, ಇನ್ನೊಂದನ್ನು ಅದೇ ಕಂಬದ ಕ್ಲಾಂಪಿಗೆ ಒತ್ತಿ ಹಿಡಿದು ಮತ್ತೊಬ್ಬರಿಂದ ಸೆಲ್ಫ್ ಹೊಡೆಸಿದಾಗ 0.1 ವೋಲ್ಟಿಗಿಂತ ಹೆಚ್ಚು ತೋರಿದರೆ ಆ ಎರಡರ ನಡುವಿನ ಹಿಡಿತ ಸರಿಯಿಲ್ಲ.

ವೋಲ್ಟ್ ಹೇಳುವುದೇನು, ಹೇಳದಿರುವುದೇನು

ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಎರಡು ಕಂಬಗಳಿಗೆ ಮುಟ್ಟಿಸಿದರೆ ಅಂಕಿ ಬರುತ್ತದೆ, ಆದರೆ ಯಾವಾಗ ಅಳೆದದ್ದು ಎಂಬುದನ್ನು ಅವಲಂಬಿಸಿ ಅದರ ಬೆಲೆ ಬದಲಾಗುತ್ತದೆ. ಈಗಷ್ಟೇ ಓಡಿಸಿ ನಿಲ್ಲಿಸಿದ ಕಾರಿನಲ್ಲಿ, ಚಾರ್ಜರ್ ಈಗಷ್ಟೇ ತೆಗೆದ ಬ್ಯಾಟರಿಯಲ್ಲಿ, ಒಳಗಿನ ಸೀಸದ ತಟ್ಟೆಗಳ ಮೇಲ್ಮೈಗಷ್ಟೇ ಏರಿದ ಚಾರ್ಜಿನಿಂದ 12.9 ಅಥವಾ 13 ಕೂಡ ಕಂಡೀತು, ಅದಕ್ಕೆ ಮರುಳಾಗಬಾರದು. ಒಂದು ರಾತ್ರಿ ನಿಲ್ಲಿಸಿ ಬೆಳಿಗ್ಗೆ ಅಳೆಯುವುದು ಉತ್ತಮ. ಅವಸರವಿದ್ದರೆ ಹೆಡ್‌ಲೈಟನ್ನು ಎರಡು ನಿಮಿಷ ಉರಿಸಿ ಆರಿಸಿ, ಐದು ನಿಮಿಷ ಬಿಟ್ಟು ಅಳೆಯಬಹುದು. ಹೀಗೆ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ಅಥವಾ ಮೇಲೆ ತೋರಿದರೆ ತುಂಬಿದೆ ಎನ್ನಬಹುದು. 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಉಳಿದಂತೆ, 11.8ಕ್ಕೆ ಬಂದರೆ ಬರಿದಾದಂತೆಯೇ. 'ಹನ್ನೆರಡು ವೋಲ್ಟ್ ಬ್ಯಾಟರಿ ಹನ್ನೆರಡು ತೋರಿಸುತ್ತಿದೆಯಲ್ಲ, ಸರಿಯಾಗಿಯೇ ಇದೆ' ಎಂಬ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕೇಳಿದ್ದೇನೆ. ಪೂರ್ಣದಿಂದ ಬರಿದಿನವರೆಗಿನ ಇಡೀ ಅಂತರ ಒಂದು ವೋಲ್ಟಿಗಿಂತಲೂ ಕಡಿಮೆ ಎಂಬುದು ತಿಳಿಯದವರಿಗೆ ಹಾಗೆ ಅನ್ನಿಸುವುದು ಸಹಜ.

ಈ ಇಳಿಕೆ ಮುಖ್ಯವಾಗುವುದಕ್ಕೆ ಸ್ಟಾರ್ಟ್ ಆಗದಿರುವುದೊಂದೇ ಕಾರಣವಲ್ಲ. ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಎರಡೂ ಬಗೆಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಮತ್ತೆ ಕರಗಿ ಆಮ್ಲಕ್ಕೆ ಮರಳುತ್ತದೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ದೊಡ್ಡ, ಗಟ್ಟಿ ಹರಳುಗಳಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ನಾನು ಮೇಲೆ ಹೇಳಿದ ಸುಣ್ಣಗಟ್ಟಿದ ಕೊಡ ಇದೇ. ಅಪರೂಪಕ್ಕೆ ಓಡುವ ಕಾರಿನ ಬ್ಯಾಟರಿ ಹೆಚ್ಚಾಗಿ ಸಾಯುವುದು ಹೀಗೆಯೇ, ವಯಸ್ಸಿನಿಂದಲ್ಲ. 2020ರ ಲಾಕ್‌ಡೌನ್ ಮುಗಿದು ಜನ ಕಾರಿನ ಹೊದಿಕೆ ತೆಗೆದಾಗ ಎಷ್ಟೋ ಹೊಸ ಬ್ಯಾಟರಿಗಳೂ ಇದೇ ಗತಿಯಲ್ಲಿದ್ದುದನ್ನು ಹಲವರು ನೆನಪಿಸಿಕೊಳ್ಳಬಹುದು.

ಸಲ್ಫೇಟ್ ಹಿಡಿದ ಬ್ಯಾಟರಿ ಚಾರ್ಜ್ ಮಾಡಿದ ಮೇಲೆ 12.6 ತೋರಿಸಿಯೂ ಕೆಲಸಕ್ಕೆ ಬಾರದೆ ಹೋಗಬಹುದು. ಆದ್ದರಿಂದ ಎರಡನೆಯ ಅಳತೆ ಬೇಕು: ಮೀಟರ್ ಮುಟ್ಟಿಸಿ ಹಿಡಿದಿದ್ದಾಗಲೇ ಸೆಲ್ಫ್ ಹೊಡೆಸಿ, ಎಂಜಿನ್ ತಿರುಗುವ ಆ ಎರಡು ಕ್ಷಣಗಳಲ್ಲಿ ವೋಲ್ಟ್ ಎಲ್ಲಿಯವರೆಗೆ ಇಳಿಯುತ್ತದೆ ಎಂದು ನೋಡಬೇಕು. ಆರೋಗ್ಯವಾಗಿರುವ ಬ್ಯಾಟರಿ ನಮ್ಮ ಹವೆಯಲ್ಲಿ 10ರ ಮೇಲೆಯೇ ನಿಲ್ಲುತ್ತದೆ. ಪೂರ್ತಿ ಚಾರ್ಜ್ ಆಗಿದ್ದೂ 9.6ಕ್ಕಿಂತ ಕೆಳಗೆ ಬಿದ್ದರೆ ಅದು ದುರ್ಬಲ. ರಾತ್ರಿಯಿಡೀ ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ ಬ್ಯಾಟರಿಯೊಳಗೆ ಸಾಲಾಗಿ ಕೂಡಿರುವ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ, ಏಕೆಂದರೆ ಒಂದು ಸೆಲ್ಲಿನ ಪಾಲು ಸುಮಾರು 2.1 ವೋಲ್ಟ್. ಮುಚ್ಚಳ ತೆರೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಸೆಲ್ ಸೆಲ್ಲಿಗೂ 'ಗ್ರಾವಿಟಿ', ಅಂದರೆ ಆಮ್ಲದ ಸಾಂದ್ರತೆ, ನೋಡಬಹುದು. ಐದು ಸೆಲ್‌ಗಳು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿ ಆರನೆಯದು 0.050ಕ್ಕೂ ಹೆಚ್ಚು ಕೆಳಗಿದ್ದರೆ ಮತ್ತೆ ವಿಚಾರಿಸುವುದೇನೂ ಉಳಿದಿಲ್ಲ. ಕೆಲವು ಬ್ಯಾಟರಿಗಳ ನೆತ್ತಿಯ ಮೇಲಿರುವ ಹಸಿರು ಕಣ್ಣನ್ನು ನಂಬಿ ಕೂರುವವರಿದ್ದಾರೆ. ಆ ಕಣ್ಣು ನೋಡುವುದು ಆರರಲ್ಲಿ ಒಂದೇ ಸೆಲ್ಲನ್ನು, ಉಳಿದ ಐದರ ಸುದ್ದಿ ಅದಕ್ಕೆ ಗೊತ್ತಿಲ್ಲ.

ಹತ್ತು ನಿಮಿಷ ಸ್ಟಾರ್ಟ್ ಮಾಡಿಡುವ ಅಭ್ಯಾಸ

ನಮ್ಮ ತಂದೆಯವರು ಪ್ರತಿ ಬುಧವಾರ ಬೆಳಿಗ್ಗೆ ಪತ್ರಿಕೆ ಹಿಡಿದು ಕಾರಿನಲ್ಲಿ ಕೂತು, ಹತ್ತು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡುತ್ತಿದ್ದರು. ಅಪಾರ್ಟ್‌ಮೆಂಟುಗಳಲ್ಲಿ ಈ ಕೆಲಸವನ್ನು ವಾಚ್‌ಮನ್ನರಿಗೆ ಒಪ್ಪಿಸಿ ವಿದೇಶಕ್ಕೆ ಹೋಗುವವರೂ ಇದ್ದಾರೆ. ಇದರಿಂದ ಬ್ಯಾಟರಿ ತುಂಬುತ್ತದೆ ಎಂಬ ನಂಬಿಕೆಯನ್ನು ಲೆಕ್ಕಕ್ಕೆ ಇಟ್ಟು ನೋಡೋಣ. ಯಾವ ದೋಷವೂ ಇಲ್ಲದ ಕಾರು ಕೂಡ ನಿಂತಲ್ಲೇ ಗಡಿಯಾರ, ಅಲಾರಂ, ಸೆಂಟ್ರಲ್ ಲಾಕ್, ಎಂಜಿನ್ ಕಂಪ್ಯೂಟರಿನ ನೆನಪು ಇವುಗಳಿಗಾಗಿ 20ರಿಂದ 50 ಮಿಲಿಆಂಪಿಯರ್ ಎಳೆಯುತ್ತಿರುತ್ತದೆ. 30 ಎಂದು ಹಿಡಿದರೂ ವಾರಕ್ಕೆ ಸುಮಾರು 5 ಆಂಪಿಯರ್-ಅವರ್ ಖರ್ಚು (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). ಇದಕ್ಕೆ ಹೋಲಿಸಿದರೆ ಸ್ಟಾರ್ಟ್ ಮಾಡುವ ಖರ್ಚು ಅತ್ಯಲ್ಪ: 150 ಆಂಪಿಯರ್ ಎಳೆದರೂ ಎರಡು ಸೆಕೆಂಡಿಗೆ 0.1 ಆಂಪಿಯರ್-ಅವರ್ ಕೂಡ ಆಗುವುದಿಲ್ಲ. ಆ 5ನ್ನು ಹತ್ತು ನಿಮಿಷದಲ್ಲಿ ಹಿಂದಿರುಗಿಸಬೇಕಾದರೆ ಆ ಹತ್ತೂ ನಿಮಿಷ 30 ಆಂಪಿಯರ್ ಬ್ಯಾಟರಿಯೊಳಗೇ ಹೋಗುತ್ತಿರಬೇಕು. ಐಡ್ಲಿಂಗ್ ವೇಗದಲ್ಲಿ, ಎಂಜಿನ್ನಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ತನ್ನ ಸಾಮರ್ಥ್ಯದ ಒಂದು ಭಾಗವನ್ನಷ್ಟೇ ಕೊಡುತ್ತದೆ, ಅದರಲ್ಲೂ ಪೆಟ್ರೋಲ್ ಪಂಪು, ಇಗ್ನಿಷನ್, ರೇಡಿಯೇಟರ್ ಫ್ಯಾನು, ಎಸಿ ಹಾಕಿದ್ದರೆ ಬ್ಲೋಯರ್ ತಮ್ಮ ಪಾಲನ್ನು ಮೊದಲೇ ತೆಗೆದುಕೊಂಡಿರುತ್ತವೆ. ಅದೂ ಅಲ್ಲದೆ ಸೀಸ-ಆಮ್ಲ ಬ್ಯಾಟರಿ ಮುಕ್ಕಾಲು ತುಂಬಿದ ಮೇಲೆ ಚಾರ್ಜನ್ನು ನಿಧಾನವಾಗಿಯೇ ಸ್ವೀಕರಿಸುತ್ತದೆ. ಕೊನೆಯ ಐದನೆಯ ಒಂದು ಭಾಗಕ್ಕೆ ಗಂಟೆಗಳೇ ಬೇಕು, ಅವಸರ ಮಾಡಿ ತುರುಕುವಂತಿಲ್ಲ. ಹೀಗಾಗಿ ವಾರದಿಂದ ವಾರಕ್ಕೆ ಬಾಕಿ ಬೆಳೆಯುತ್ತಾ ಹೋಗಿ ಒಂದು ಬುಧವಾರ 'ಟಕ್ ಟಕ್' ಎನ್ನುತ್ತದೆ. ತಣ್ಣನೆಯ ಎಂಜಿನ್ನನ್ನು ಬಿಸಿಯಾಗುವ ಮುನ್ನವೇ ನಿಲ್ಲಿಸುವುದರಿಂದ ಆಯಿಲ್‌ನಲ್ಲೂ ಸೈಲೆನ್ಸರಿನಲ್ಲೂ ನೀರಿನ ಪಸೆ ಉಳಿಯುವುದು ಬೇರೆ.

ಆಲ್ಟರ್ನೇಟರ್ ಸರಿಯಿದೆಯೇ ಎಂದು ನೋಡುವುದು ಸುಲಭ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕಂಬಗಳಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್ ಮತ್ತು ಬ್ಲೋಯರ್ ಹಾಕಿ ಎಂಜಿನ್ ವೇಗವನ್ನು ಸ್ವಲ್ಪ ಏರಿಸಿದಾಗಲೂ 13.5ಕ್ಕಿಂತ ಕೆಳಗೆ ಬೀಳಬಾರದು. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಈ ವೋಲ್ಟನ್ನು ಏರಿಸಿ ಇಳಿಸುವುದರಿಂದ ಒಂದೇ ಅಂಕಿ ನೋಡಿ ತೀರ್ಪು ಕೊಡಬಾರದು, ಐದಾರು ನಿಮಿಷ ಗಮನಿಸಬೇಕು. 15ರ ಮೇಲೆ ಹೋಗಿ ಅಲ್ಲೇ ನಿಂತರೆ ಆಲ್ಟರ್ನೇಟರಿನ ವೋಲ್ಟನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿದು ಒಣಗುತ್ತದೆ. ನಮ್ಮ ಕಾರಿನಲ್ಲಿ 14.2 ಬಂದಿತು, ಆದ್ದರಿಂದ ಆಲ್ಟರ್ನೇಟರ್ ಮೇಲಿನ ಸಂಶಯ ಅಲ್ಲಿಗೆ ಮುಗಿಯಿತು.

ನಿಂತ ಕಾರಿನ ಸೋರಿಕೆ

ಇನ್ನು ಉಳಿದದ್ದು ಸೋರಿಕೆ. ಇದನ್ನು ಹುಡುಕಲು ತಾಳ್ಮೆ ಬೇಕಾಗುವುದರಿಂದಲೇ ಹೆಚ್ಚಿನವರು ಬ್ಯಾಟರಿ ಬದಲಿಸುವ ದಾರಿ ಹಿಡಿಯುತ್ತಾರೆ ಎಂದು ನನ್ನ ಊಹೆ. ನಮ್ಮ 35 ಆಂಪಿಯರ್-ಅವರ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಒಂದು ರಾತ್ರಿ ಬಿಟ್ಟು ಅಳೆದಾಗ 12.65 ಇತ್ತು. ಕಾರಿಗೆ ಕೂಡಿಸಿ, ಮುಟ್ಟದೆ ಬಿಟ್ಟು ಮುಂದಿನ ಭಾನುವಾರ ನೋಡಿದರೆ 12.05. ಒಂದು ವಾರದಲ್ಲಿ ಮೂರನೆಯ ಎರಡು ಭಾಗ ಹೋಗಿತ್ತು. ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಿ, ಈ ಬಾರಿ ಕಾರಿಗೆ ಕೂಡಿಸದೆ ಹೊರಗೇ ಇಟ್ಟು ವಾರ ಕಳೆದ ಮೇಲೆ 12.6 ಇತ್ತು. ಒಂದು ಮಲ್ಟಿಮೀಟರ್ ಮತ್ತು ಎರಡು ವಾರದ ಕಾಯುವಿಕೆ ಬಿಟ್ಟರೆ ಈ ಪರೀಕ್ಷೆಗೆ ಖರ್ಚಿಲ್ಲ, ಆದರೂ ಬ್ಯಾಟರಿಯದೋ ಕಾರಿನದೋ ಎಂಬ ಜಗಳವನ್ನು ಇದಕ್ಕಿಂತ ಚೆನ್ನಾಗಿ ತೀರಿಸುವ ಬಗೆ ನನಗೆ ಗೊತ್ತಿಲ್ಲ.

ಸೋರಿಕೆಯನ್ನು ಅಳೆಯಲು ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಎಂದು ಬರೆದಿರುವ ರಂಧ್ರಕ್ಕೆ ಬದಲಿಸಿ, ಬ್ಯಾಟರಿಯ ನೆಗೆಟಿವ್ ಕ್ಲಾಂಪ್ ಬಿಚ್ಚಿ, ಕಂಬಕ್ಕೂ ಬಿಚ್ಚಿದ ಕ್ಲಾಂಪಿಗೂ ನಡುವೆ ಮೀಟರನ್ನು ಸೇರಿಸಬೇಕು. ಈಗ ಕಾರಿಗೆ ಹೋಗುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗುತ್ತದೆ. ಈ ಸ್ಥಿತಿಯಲ್ಲಿ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬಾರದು, ಇಗ್ನಿಷನ್ ಕೂಡ ಆನ್ ಮಾಡಬಾರದು, ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಫ್ಯೂಸ್ ಇಲ್ಲದ ಅಗ್ಗದ ಮೀಟರಾದರೆ ಮೀಟರೇ ಹೋಗುತ್ತದೆ. ಬಾಗಿಲು ತೆರೆದಿದ್ದರೆ ಒಳದೀಪ ಉರಿದು ಅಳತೆ ಕೆಡುವುದರಿಂದ, ಫ್ಯೂಸ್ ಡಬ್ಬಿ ತಲುಪಲು ಬಾಗಿಲು ತೆರೆದೇ ಇರಬೇಕಾದಲ್ಲಿ ಬಾಗಿಲ ಅಂಚಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಬೇಕು. ಕೆಲವು ಕಾರುಗಳಲ್ಲಿ ಸ್ವಿಚ್ಚು ಬಾಗಿಲ ಚೌಕಟ್ಟಿನಲ್ಲಿರುತ್ತದೆ, ಅದನ್ನು ಒತ್ತಿ ಟೇಪು ಹಚ್ಚಿದರೆ ಸಾಕು. ಕೆಲಸ ಮುಗಿದ ಮೇಲೆ ಬಾಗಿಲಿನ ಹಿಡಿ ಎಳೆದು ಕೊಂಡಿಯನ್ನು ಬಿಡಿಸಿಯೇ ಬಾಗಿಲು ಹಾಕಬೇಕು, ಮರೆತು ದೂಡಿದರೆ ಕೊಂಡಿ ಬಡಿದು ಮುರಿಯುತ್ತದೆ. ಸ್ಮಾರ್ಟ್ ಕೀ ಇರುವ ಕಾರಾದರೆ ಕೀಯನ್ನು ಮನೆಯೊಳಗೆ ದೂರ ಇಡಬೇಕು, ಹತ್ತಿರವಿದ್ದರೆ ಕಾರು ನಿದ್ದೆ ಹೋಗುವುದಿಲ್ಲ.

ನಿದ್ದೆ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಸಂಪರ್ಕ ಕೊಟ್ಟ ಕೂಡಲೇ ಕಾರಿನ ಕಂಪ್ಯೂಟರುಗಳೆಲ್ಲ ಎಚ್ಚೆತ್ತು ಒಂದು ಆಂಪಿಯರಿಗೂ ಹೆಚ್ಚು ಎಳೆಯಬಹುದು, ಒಂದೊಂದಾಗಿ ಮಲಗಲು ಇಪ್ಪತ್ತರಿಂದ ನಲವತ್ತು ನಿಮಿಷ ಬೇಕು. ಮೊದಲ ಐದು ನಿಮಿಷದ ಅಂಕಿ ನೋಡಿ 'ದೊಡ್ಡ ಸೋರಿಕೆ ಸಿಕ್ಕಿತು' ಎಂದು ಸಂಭ್ರಮಿಸಿ ವೈರುಗಳನ್ನು ಕಿತ್ತವರನ್ನು ಕಂಡಿದ್ದೇನೆ. ನಮ್ಮ ಕಾರಿನಲ್ಲಿ ಅಂಕಿ 0.9ರಿಂದ ಆರಂಭವಾಗಿ, ಮೆಟ್ಟಿಲಿಳಿದಂತೆ 0.3ಕ್ಕೆ, ಆಮೇಲೆ 0.14ಕ್ಕೆ ಇಳಿದು ಅಲ್ಲೇ ನಿಂತಿತು. ಕಾಫಿ ಕುಡಿದು ಬಂದು ನೋಡಿದರೂ 0.14. ಅಂದರೆ 140 ಮಿಲಿಆಂಪಿಯರ್, ದಿನಕ್ಕೆ 3.4 ಆಂಪಿಯರ್-ಅವರ್, ವಾರಕ್ಕೆ 23ರ ಮೇಲೆ. ವೋಲ್ಟಿನಿಂದ ಅಂದಾಜಿಸಿದ್ದ ಮೂರನೆಯ ಎರಡು ಭಾಗಕ್ಕೆ ಇದು ಸರಿಹೊಂದಿತು.

ಯಾವ ಸರ್ಕ್ಯೂಟಿನಲ್ಲಿ ಹೋಗುತ್ತಿದೆ ಎಂದು ತಿಳಿಯಲು ಒಂದೊಂದೇ ಫ್ಯೂಸ್ ಕಿತ್ತು ಅಂಕಿ ಇಳಿಯುತ್ತದೆಯೇ ಎಂದು ನೋಡುವುದು ಹಳೆಯ ವಿಧಾನ. ಫ್ಯೂಸ್ ಕಿತ್ತು ಹಾಕುವಾಗ ಕೆಲವು ಕಂಪ್ಯೂಟರುಗಳು ಮತ್ತೆ ಎಚ್ಚರಗೊಳ್ಳುವುದರಿಂದ, ಫ್ಯೂಸನ್ನು ಇದ್ದಲ್ಲೇ ಬಿಟ್ಟು ಅದರ ನೆತ್ತಿಯ ಮೇಲಿನ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯುವುದು ಮೇಲು. ಸೊನ್ನೆಯಲ್ಲದ ಅಂಕಿ ಬಂದರೆ ಆ ಫ್ಯೂಸಿನಲ್ಲಿ ಕರೆಂಟ್ ಹರಿಯುತ್ತಿದೆ ಎಂದರ್ಥ. ನಾನು ಎರಡನ್ನೂ ಮಾಡಿದೆ. ಕೊನೆಗೆ ಡ್ಯಾಶ್‌ಬೋರ್ಡಿನ ಕೆಳಗಿನ ಡಬ್ಬಿಯಲ್ಲೂ ಬಾನೆಟ್ಟಿನ ಒಳಗಿನ ಡಬ್ಬಿಯಲ್ಲೂ ಇದ್ದ ಫ್ಯೂಸುಗಳನ್ನೆಲ್ಲ ಕಿತ್ತು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿಟ್ಟ ಮೇಲೂ ಅಂಕಿ 140ರಿಂದ 118ಕ್ಕೆ ಮಾತ್ರ ಇಳಿದಿತ್ತು. ಕಾರಿನ ಫ್ಯೂಸ್ ಡಬ್ಬಿಗಳನ್ನು ಹಾಯದೆಯೇ ಯಾವುದೋ ಒಂದು ಕರೆಂಟ್ ಎಳೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಇಂಥ ಸಂದರ್ಭದಲ್ಲಿ ಸಂಶಯ ಎರಡೇ ಕಡೆ: ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ, ಆಲ್ಟರ್ನೇಟರಿನೊಳಗಿನ ಡಯೋಡು ಹಿಮ್ಮುಖವಾಗಿ ಸೋರುತ್ತಿರಬಹುದು, ಇಲ್ಲವೇ ಹೊರಗಿನವರು ಹಾಕಿದ ಉಪಕರಣವೊಂದು ಬ್ಯಾಟರಿಯಿಂದಲೇ ನೇರವಾಗಿ ಲೈನ್ ತೆಗೆದುಕೊಂಡಿರಬಹುದು.

ಪಾಸಿಟಿವ್ ಕ್ಲಾಂಪಿನ ಮೇಲಿದ್ದ ಕೆಂಪು ರಬ್ಬರ್ ಟೋಪಿಯನ್ನು ಪೂರ್ತಿ ಎತ್ತಿ ನೋಡಿದಾಗ ಕಾರಿನ ದಪ್ಪ ಕೇಬಲ್ಲಿನ ಅಡಿಯಲ್ಲಿ, ಅದೇ ನಟ್ಟಿಗೆ ಸಿಕ್ಕಿಸಿದ ಇನ್ನೊಂದು ವೈರು ಇತ್ತು. ಅದು ಒಂದು ಗೇಣು ದೂರದಲ್ಲಿ ದುಂಡನೆಯ ಫ್ಯೂಸ್ ಹೋಲ್ಡರಿನೊಳಗೆ ಹೋಗಿ, ಅಲ್ಲಿಂದ ಕಾರಿನೊಳಗೆ ಇಳಿದಿತ್ತು. ಹೋಲ್ಡರನ್ನು ತಿರುಗಿಸಿ ಬಿಚ್ಚಿದ ಕೂಡಲೇ ಮೀಟರಿನಲ್ಲಿ ಏನೂ ಉಳಿಯಲಿಲ್ಲ. ಕಿತ್ತಿಟ್ಟ ಫ್ಯೂಸುಗಳನ್ನೆಲ್ಲ ಮರಳಿ ಹಾಕಿ, ಕಾರು ಮಲಗುವವರೆಗೆ ಕಾದಾಗ 22 ಮಿಲಿಆಂಪಿಯರಿಗೆ ಬಂದು ನಿಂತಿತು. ವೈರು ಹಿಡಿದು ಹೋದರೆ ಚಾಲಕನ ಸೀಟಿನ ಅಡಿಯಲ್ಲಿ ಮ್ಯೂಸಿಕ್ ಸಿಸ್ಟಮ್ಮಿನ ಚಿಕ್ಕ ಆಂಪ್ಲಿಫೈಯರ್ ಸಿಕ್ಕಿತು. ವೈರು ಬಿಚ್ಚುವ ಮುನ್ನ ಅದು ವಾರವಿಡೀ ಕೆಲಸದಲ್ಲಿತ್ತು ಎಂಬುದಕ್ಕೆ, ಅಂಗೈ ಇಟ್ಟರೆ ಈಗಷ್ಟೇ ಯಾರೋ ಎದ್ದು ಹೋದ ಹಾಸಿಗೆಯಷ್ಟು ಬೆಚ್ಚಗಿತ್ತು. ಕೀ ಆನ್ ಆದಾಗ ಮಾತ್ರ ಆಂಪ್ಲಿಫೈಯರನ್ನು ಎಬ್ಬಿಸಬೇಕಾದ ತೆಳು ವೈರನ್ನು, ಹಾಕಿದವರು ಕೀಗೆ ಸಂಬಂಧವೇ ಇಲ್ಲದ ಕಾಯಂ ಲೈನಿಗೆ ಕೂಡಿಸಿದ್ದರು. ಕೆಲಸ ಬೇಗ ಮುಗಿಯುತ್ತದೆ, ಹಾಡು ಚೆನ್ನಾಗಿಯೇ ಬರುತ್ತದೆ, ದಿನವೂ ಓಡುವ ಕಾರಾದರೆ ಯಾರಿಗೂ ಗೊತ್ತಾಗುವುದೇ ಇಲ್ಲ.

ನಮ್ಮಲ್ಲಿ ಇನ್ನೂ ಕೆಲವು ಉಪಕರಣಗಳು ಇದೇ ಸಾಲಿಗೆ ಸೇರುತ್ತವೆ. ಪಾರ್ಕಿಂಗ್ ಮೋಡ್ ಇರುವ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಸ್ಟಿಯರಿಂಗ್ ಕೆಳಗಿನ ಓಬಿಡಿ (ದೋಷ ತಪಾಸಣೆಯ) ಸಾಕೆಟ್ಟಿಗೆ ಸಿಕ್ಕಿಸಿಟ್ಟ ಡಾಂಗಲ್, ಕಾಯಂ ಲೈನಿನ ಆಂಡ್ರಾಯ್ಡ್ ಮ್ಯೂಸಿಕ್ ಸಿಸ್ಟಮ್ ಇವನ್ನು ಮೊದಲು ಬಿಚ್ಚಿ ಅಳೆದರೆ ಅರ್ಧ ಹುಡುಕಾಟ ತಪ್ಪುತ್ತದೆ. ಡಿಕ್ಕಿಯ ದೀಪ ಮುಚ್ಚಿದ ಮೇಲೂ ಉರಿಯುತ್ತಿರುವುದುಂಟು. 5 ವ್ಯಾಟಿನ ಆ ಬಲ್ಬೊಂದೇ 0.4 ಆಂಪಿಯರ್ ಎಳೆದು 35 ಆಂಪಿಯರ್-ಅವರ್ ಬ್ಯಾಟರಿಯನ್ನು ನಾಲ್ಕು ದಿನದೊಳಗೆ ಬರಿದು ಮಾಡಬಲ್ಲದು. ಒಳಗೆ ಫೋನಿನ ವಿಡಿಯೋ ಆನ್ ಮಾಡಿಟ್ಟು ಡಿಕ್ಕಿ ಮುಚ್ಚಿದರೆ ಸತ್ಯ ತಿಳಿಯುತ್ತದೆ. ಫಾಸ್ಟ್ಯಾಗ್ ಬ್ಯಾಟರಿ ತಿನ್ನುತ್ತದೆಯೇ ಎಂದು ಕೇಳಿದವರೂ ಇದ್ದಾರೆ. ಅದಕ್ಕೂ ಕಾರಿನ ಬ್ಯಾಟರಿಗೂ ಯಾವ ಸಂಪರ್ಕವೂ ಇಲ್ಲ, ಟೋಲಿನ ರೀಡರ್ ಕಳಿಸುವ ಅಲೆಯಿಂದಲೇ ಅದು ಕೆಲಸ ಮಾಡುತ್ತದೆ.

ಚಾರ್ಜ್ ಉಳಿಸುವ ದಾರಿಗಳು

ಸೋರಿಕೆ ನಿಲ್ಲಿಸಿದ ಮೇಲೂ 22 ಮಿಲಿಆಂಪಿಯರಿನ ಸಹಜ ಖರ್ಚು ಉಳಿದೇ ಇರುತ್ತದೆ, ಒಂದು ತಿಂಗಳಲ್ಲಿ ಅದೂ ನಮ್ಮ ಬ್ಯಾಟರಿಯನ್ನು ಅರ್ಧಕ್ಕೆ ತರುತ್ತದೆ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ರಿಂಗ್ ರೋಡಿನಂಥ ಕಡೆ ಒಂದೇ ಸಮನೆ ಓಡಿಸಿದರೆ ಬೇರೇನೂ ಬೇಡ, ಬ್ರೇಕಿಗೂ ಟೈರಿಗೂ ಅದರಿಂದ ಒಳ್ಳೆಯದೇ. ರಾತ್ರಿ ಹೆಡ್‌ಲೈಟ್, ಎಸಿ ಹಾಕಿಕೊಂಡು ಟ್ರಾಫಿಕ್ಕಿನಲ್ಲಿ ತೆವಳಿದ ಮುಕ್ಕಾಲು ಗಂಟೆಯನ್ನು ಇದಕ್ಕೆ ಸಮ ಎಣಿಸುವಂತಿಲ್ಲ.

ಓಡಿಸುವವರಿಲ್ಲದಿದ್ದರೆ ತಾನಾಗಿ ಕರೆಂಟ್ ತಗ್ಗಿಸುವ ಸ್ಮಾರ್ಟ್ ಚಾರ್ಜರ್ ಅತ್ಯುತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಸುಮಾರು 14.4 ವೋಲ್ಟಿನವರೆಗೆ ತುಂಬಿಸಿ, ಆಮೇಲೆ 13.5ರ ಆಸುಪಾಸಿಗೆ ಇಳಿದು ಕಾಯುತ್ತದೆ. ಬ್ಯಾಟರಿಯ ಆಂಪಿಯರ್-ಅವರ್ ಸಂಖ್ಯೆಯ ಹತ್ತನೇ ಒಂದು ಭಾಗದಷ್ಟು ಕರೆಂಟ್ ಕೊಡುವ ಚಾರ್ಜರ್ ಸಾಕು, 35ರ ಬ್ಯಾಟರಿಗೆ 3.5 ಆಂಪಿಯರ್. ಅರ್ಧ ಬರಿದಾದದ್ದು ತುಂಬಲು ಒಂದು ರಾತ್ರಿ ಹಿಡಿಯುತ್ತದೆ. ತೊಡಕು ಪ್ಲಗ್ ಪಾಯಿಂಟಿನದು: ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಅದು ಸಿಗದಿದ್ದರೆ, ಸುಮಾರು ಹತ್ತು ಕಿಲೋ ತೂಗುವ ಬ್ಯಾಟರಿಯನ್ನು ಬಿಚ್ಚಿ ಮೇಲೆ ತಂದು, ಗ್ಯಾಸ್ ಒಲೆಯಿಂದಲೂ ದೇವರ ದೀಪದಿಂದಲೂ ದೂರ, ಬಾಲ್ಕನಿಯಲ್ಲಿ ಚಾರ್ಜ್ ಮಾಡಬೇಕಾಗುತ್ತದೆ.

ಅದೂ ಆಗದವರು ನೆಗೆಟಿವ್ ಕ್ಲಾಂಪ್ ಬಿಚ್ಚಿಡಬಹುದು. ಹತ್ತನೇ ನಂಬರ್ ಸ್ಪಾನರ್ ಇದ್ದರೆ ಒಂದು ನಿಮಿಷದ ಕೆಲಸ. ಗಡಿಯಾರ, ರೇಡಿಯೋ ಸ್ಟೇಷನ್ನುಗಳು ಅಳಿಸಿಹೋಗುತ್ತವೆ, ಕೆಲವು ಕಾರುಗಳಲ್ಲಿ ಪವರ್ ವಿಂಡೋವನ್ನು ಮತ್ತೆ ಹೊಂದಿಸಬೇಕಾಗುತ್ತದೆ, ಮ್ಯೂಸಿಕ್ ಸಿಸ್ಟಮ್ ಕೋಡ್ ಕೇಳಬಹುದು, ಅಲಾರಂ ಮತ್ತು ರಿಮೋಟ್ ಲಾಕ್ ಇರುವುದಿಲ್ಲ. ಬಾಗಿಲಿಗೆ ಕೀ ಹಾಕುವ ತೂತು ಕೆಲಸ ಮಾಡುತ್ತದೆಯೇ ಎಂದು ಬಿಚ್ಚುವ ಮುನ್ನವೇ ನೋಡಿಕೊಳ್ಳಿ, ಏಕೆಂದರೆ ವರ್ಷಗಟ್ಟಲೆ ರಿಮೋಟ್ ಒತ್ತಿದ ಮೇಲೆ ಅದು ಜಾಮ್ ಆಗಿರುತ್ತದೆ. ಕ್ಲಾಂಪ್ ಬಿಚ್ಚಿದ ಬ್ಯಾಟರಿಯೂ ತನ್ನಷ್ಟಕ್ಕೆ ತಾನು ಇಳಿಯುತ್ತಲೇ ಇರುತ್ತದೆ, ಸೆಖೆ ಹೆಚ್ಚಿದಷ್ಟೂ ಬೇಗ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನದು ಮಡಿಕೇರಿಯಲ್ಲಿರುವುದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಎರಡು ತಿಂಗಳಿಗೊಮ್ಮೆಯಾದರೂ ಚಾರ್ಜ್ ಕೊಡಲೇಬೇಕು.

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕ ಸೋಲಾರ್ ಫಲಕಗಳು ಬಯಲಿನಲ್ಲಿ ನಿಂತ ಕಾರಿಗೆ ಉಪಯುಕ್ತ. ಬೇಸ್‌ಮೆಂಟಿನಲ್ಲಿ ಅವು ಅಲಂಕಾರಕ್ಕೆ ಮಾತ್ರ, ಕೀ ತೆಗೆದಾಗ ಸಾಕೆಟ್ಟೇ ಕಡಿದುಹೋಗುವ ಕಾರುಗಳಲ್ಲಿ ಬಿಸಿಲಿದ್ದರೂ ಪ್ರಯೋಜನವಿಲ್ಲ. ಮುಚ್ಚಳ ತೆರೆಯುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು, ಮನೆಯ ಫಿಲ್ಟರಿನದು ಕೂಡ, ಹಾಕಬಾರದು.

ಜಂಪ್ ಸ್ಟಾರ್ಟ್ ಮಾಡಲೇಬೇಕಾದರೆ ಕೆಂಪು ಕೇಬಲ್ಲನ್ನು ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಅದರ ಇನ್ನೊಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ ಕೂಡಿಸಬೇಕು. ಆಮೇಲೆ ಕಪ್ಪು ಕೇಬಲ್ಲನ್ನು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ ಹಾಕಿ, ಕೊನೆಯ ತುದಿಯನ್ನು ಸತ್ತ ಕಾರಿನ ಬ್ಯಾಟರಿಗಲ್ಲ, ಅದರಿಂದ ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಬೇಕು. ಕಿಡಿ ಹಾರುವುದು ಈ ಕೊನೆಯ ಸಂಪರ್ಕದಲ್ಲಿ, ಅದು ಬ್ಯಾಟರಿಯ ನೆತ್ತಿಯ ಮೇಲೆ ಹಾರಬಾರದು. ಹೀಗೆ ಎಬ್ಬಿಸಿದ ಕಾರನ್ನು ಅದೇ ರಾತ್ರಿ ಚಾರ್ಜರಿಗೆ ಹಾಕುವುದು ಒಳ್ಳೆಯದು. ಪೂರ್ತಿ ಬರಿದಾದ ಬ್ಯಾಟರಿಯನ್ನು ತುಂಬಿಸುವ ಕೆಲಸ ಆಲ್ಟರ್ನೇಟರಿನದಲ್ಲ, ಅದಕ್ಕೆ ವಿಪರೀತ ಬಿಸಿಯಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ, ಪೂರ್ತಿ ಚಾರ್ಜ್ ಆಗಿ ಸೆಲ್ಫ್ ಹೊಡೆದಾಗ 9.6ರ ಕೆಳಗೆ ಬೀಳುವ, ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ಬದಲಿಸುವುದೇ ಸರಿ. ಮೊದಲಿದ್ದಷ್ಟೇ ಆಂಪಿಯರ್-ಅವರ್ ಇರಲಿ. ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗುವ ಕಾರಿಗೆ ಅದಕ್ಕೆಂದೇ ಮಾಡಿದ ಇಎಫ್‌ಬಿ ಅಥವಾ ಎಜಿಎಂ ಬಗೆಯದನ್ನೇ ಹಾಕಿಸಿ. ಹಳೆಯದನ್ನು ಅಂಗಡಿಗೇ ಒಪ್ಪಿಸಿ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಹಿಂಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ನಮ್ಮ ಕಾರಿಗೆ ಆ ಪ್ರಸಂಗ ಬರಲಿಲ್ಲ. 'ಡೆಡ್ ಆಗಿದೆ ಸಾರ್, ಹೊಸದು ಹಾಕಿಸಿಬಿಡಿ' ಎಂದು ಅಂಗಡಿಯ ಹುಡುಗ ಹೇಳಿದ್ದ ಬ್ಯಾಟರಿ ಎರಡು ರಾತ್ರಿ ಸ್ಲೋ ಚಾರ್ಜಿಂಗ್ ಆದ ಮೇಲೆ ಸೆಲ್ಫ್ ಹೊಡೆದಾಗ 10.3ಕ್ಕೆ ನಿಂತಿತು, ಈಗಲೂ ಅದೇ ಇದೆ. ತಂದೆಯವರು ಬುಧವಾರ ಪತ್ರಿಕೆಯನ್ನು ಜಗಲಿಯಲ್ಲೇ ಓದುತ್ತಾರೆ, ಮುಗಿಸಿ ಮೀಟರ್ ಹಿಡಿದು ಹೋಗಿ ಬಂದು ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಬರೆದಿಡುತ್ತಾರೆ. 12.4ಕ್ಕಿಂತ ಕೆಳಗೆ ಬಂದ ದಿನ ಚಾರ್ಜರ್ ಹೊರಗೆ ಬರುತ್ತದೆ.